ಅಡ್ಡ ಇದ್ದಾಗ ಚೆನ್ನಾಗಿದ್ದ ಯಾಗಿ, ನೆಟ್ಟಗೆ ಮಾಡಿದ ಕೂಡಲೇ ಕೆಟ್ಟಿದ್ದು

ದಸರಾ ರಜೆಗೆ ಊರಿಗೆ ಹೊರಟಾಗ ನನ್ನ ಬ್ಯಾಗಿನಲ್ಲಿ ಬಟ್ಟೆಗಿಂತ ಪಿವಿಸಿ ಪೈಪಿನ ತುಂಡುಗಳೇ ಜಾಸ್ತಿ ಇದ್ದವು. ಊರು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯದು. ಮನೆಯ ಮುಂದೆ ಅಡಿಕೆ ತೋಟ, ಹಿಂದೆ ಗುಡ್ಡ. ಕೈಯಲ್ಲಿ ಹಿಡಿದು ಮಾತಾಡುವ 5 ವ್ಯಾಟಿನ ರೇಡಿಯೋ, ಹ್ಯಾಂಡಿ, ಇದೆ. ಆದರೆ ಅದರ ರಬ್ಬರ್ ಆಂಟೆನಾ ನಂಬಿಕೊಂಡರೆ ತೋಟದ ಆಚೆ ದಡಕ್ಕೂ ಮಾತು ಮುಟ್ಟುವುದಿಲ್ಲ. ಆ ದಡದಲ್ಲಿ ನನ್ನ ಜೊತೆಗೇ ಓದಿದ ಗೆಳೆಯನ ಮನೆ. ನಡುವೆ ಹೆಚ್ಚೆಂದರೆ 700 ಮೀಟರ್, ಅದೂ ಪೂರ್ತಿ ತೋಟ. ಅವನಿಗೂ ಈಗ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಇದೆ. ಇನ್ನೊಬ್ಬ ಗೆಳೆಯ ಪೇಟೆಯಲ್ಲಿ, ಸುಮಾರು 14 ಕಿಲೋಮೀಟರ್ ದೂರ, ಕಾರಿನ ಮೇಲೆ ಚಾಟಿಯಂಥ ಆಂಟೆನಾ ಕೂರಿಸಿಕೊಂಡಿದ್ದಾನೆ. ಇಬ್ಬರ ಹತ್ತಿರವೂ 2 ಮೀಟರ್ ಬ್ಯಾಂಡಿನಲ್ಲಿ, ಅಂದರೆ ಸುಮಾರು 2 ಮೀಟರ್ ಉದ್ದದ ರೇಡಿಯೋ ಅಲೆಗಳಲ್ಲಿ, ಮಾತಾಡಬೇಕು. ರಜೆಯ ಕೆಲಸ ಇಷ್ಟೇ ಅಂದುಕೊಂಡಿದ್ದೆ. ಎರಡು ದಿನದ ಕೆಲಸ ಒಂದು ವಾರ ತಿಂದಿತು.

ಆಂಟೆನಾ ಅಂದರೆ ಮೂರು ಕಡ್ಡಿಯ ಯಾಗಿ, ಗುರಿ ಇಟ್ಟ ಒಂದೇ ದಿಕ್ಕಿಗೆ ಸಿಗ್ನಲ್ ಹೆಚ್ಚು ಕಳಿಸುವಂಥದ್ದು. ಬಡಗಿಗಳು ಇಟ್ಟುಕೊಳ್ಳುವ ಸ್ಟೀಲಿನ ಅಳತೆ ಟೇಪು ಕತ್ತರಿಸಿ ಮಾಡುವ ಈ ಯಾಗಿ ಹ್ಯಾಮ್‌ಗಳಿಗೆ ಹಳೆಯ ಗೆಳೆಯ. ಬಚ್ಚಿಟ್ಟ ಟ್ರಾನ್ಸ್‌ಮಿಟರ್ ಹುಡುಕುವ ಫಾಕ್ಸ್ ಹಂಟ್ ಆಟದಲ್ಲಿ ಇದನ್ನು ಹಿಡಿದು ಪೊದೆಯಲ್ಲಿ ನುಗ್ಗಿದರೂ ಕಡ್ಡಿಗಳು ಬಗ್ಗಿ ಮತ್ತೆ ಎದ್ದು ನಿಲ್ಲುತ್ತವೆ. ಅಳತೆ ಹೀಗೆ: ಹಿಂದಿನ ರಿಫ್ಲೆಕ್ಟರ್ 105 ಸೆಂ.ಮೀ., ಕೇಬಲ್ ಸೇರುವ ನಡುವಿನ ಡ್ರಿವನ್ ಎಲಿಮೆಂಟ್ 45 ಸೆಂ.ಮೀ.ನ ಎರಡು ತುಂಡು, ಮುಂದಿನ ಡೈರೆಕ್ಟರ್ 89 ಸೆಂ.ಮೀ. ಹಿಂದಿನದಕ್ಕೂ ನಡುವಿನದಕ್ಕೂ 20 ಸೆಂ.ಮೀ. ಅಂತರ, ನಡುವಿನದಕ್ಕೂ ಮುಂದಿನದಕ್ಕೂ 32. ಒಟ್ಟು 284 ಸೆಂ.ಮೀ. ಟೇಪು ಸಾಕು, ಅಂದರೆ 3 ಮೀಟರಿನ ಒಂದು ಟೇಪಿನಲ್ಲಿ ಸರಿಯಾಗಿ ಮುಗಿಯುತ್ತದೆ. ನಡುವಿನ ಎರಡು ತುಂಡುಗಳ ನಡುವೆ ಎರಡೂವರೆ ಸೆಂ.ಮೀ. ಸಂದು. ಅಲ್ಲಿ ಕೇಬಲ್ಲಿನ ಎರಡು ತುದಿ, ಜೊತೆಗೆ 12.5 ಸೆಂ.ಮೀ. ತಂತಿಯನ್ನು ಹೇರ್‌ಪಿನ್ನಿನ ಹಾಗೆ ಬಗ್ಗಿಸಿ ಅಡ್ಡಲಾಗಿ ಬೆಸುಗೆ. ಈ ಹೇರ್‌ಪಿನ್ ಇಲ್ಲದೆ ಆಂಟೆನಾ ರೇಡಿಯೋ ಮತ್ತು ಕೇಬಲ್ಲಿನ 50 ಓಮಿಗೆ ಹೊಂದುವುದಿಲ್ಲ.

ಟೇಪಿನ ಮೇಲಿನ ಹಳದಿ ಬಣ್ಣವನ್ನು ಮರಳು ಕಾಗದದಿಂದ ಪೂರ್ತಿ ಕೆರೆಯಿರಿ. ಅರ್ಧಂಬರ್ಧ ಕೆರೆದರೆ ಸೀಸ ಹನಿಯಾಗಿ ಉರುಳಿ ಹೋಗುತ್ತದೆ. ಪೈಪಿನ ಮೇಲೆ ಕೂರಿಸಿದ ಮೇಲೆ ಬೆಸುಗೆ ಹಾಕಲು ಹೋದರೆ ಪೈಪೇ ಕರಗುತ್ತದೆ, ಆದ್ದರಿಂದ ಮೊದಲೇ ಸೀಸ ಹಚ್ಚಿಟ್ಟುಕೊಳ್ಳಬೇಕು. ಕತ್ತರಿಸಿದ ತುದಿ ಬ್ಲೇಡಿನ ಹಾಗೆ ಇರುತ್ತದೆ. ನನ್ನ ಹೆಬ್ಬೆರಳಿನ ಗಾಯ ಮಾಯುವುದರೊಳಗೆ ರಜೆ ಮುಗಿದಿತ್ತು. ಮೂಲೆ ದುಂಡಗೆ ಮಾಡಿ ಇನ್ಸುಲೇಶನ್ ಟೇಪು ಸುತ್ತಿಬಿಡಿ.

ಕಡ್ಡಿಗಳನ್ನು ಪೈಪಿಗೆ ಕಟ್ಟಿದ್ದು ಗ್ಯಾಸ್ ಪೈಪಿಗೆ ಹಾಕುವಂಥ ಸ್ಕ್ರೂ ಕ್ಲಿಪ್ಪಿನಿಂದ. ಅದನ್ನು ಸಡಿಲಿಸಿ ನಡುವಿನ ತುಂಡುಗಳನ್ನು ಸ್ವಲ್ಪ ಆಚೀಚೆ ಎಳೆದರೆ ಟ್ಯೂನ್ ಆಗುತ್ತದೆ. ಮೊದಲು ಆಂಟೆನಾ ಅಳೆಯುವ ನ್ಯಾನೋವಿಎನ್‌ಎ ಉಪಕರಣದ ಪರದೆಯಲ್ಲಿ ಗೆರೆಯ ತಗ್ಗು, ಅಂದರೆ ಆಂಟೆನಾ ಚೆನ್ನಾಗಿ ಹೊಂದುವ ಜಾಗ, 146ರ ಮೇಲೆ ಕಾಣುತ್ತಿತ್ತು. ನಮ್ಮ ದೇಶದಲ್ಲಿ ಬ್ಯಾಂಡು 144ರಿಂದ 146 ಮೆಗಾಹರ್ಟ್ಸ್, ಹಾಗಾಗಿ 145ಕ್ಕೆ ಇಳಿಸಿದೆ. ಅಂಗಳದಲ್ಲಿ ಕೈಯಲ್ಲಿ ಹಿಡಿದಾಗ ಎಸ್‌ಡಬ್ಲ್ಯುಆರ್ 1.2. ಆಂಟೆನಾದಿಂದ ಸಿಗ್ನಲ್ ಎಷ್ಟು ವಾಪಸು ಬರುತ್ತದೆ ಅನ್ನುವುದರ ಅಳತೆ ಇದು, 1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು. ಖುಷಿಯಾಯಿತು.

ನಿಲ್ಲಿಸಲು ಕಂಬ ಹುಡುಕಬೇಕಿರಲಿಲ್ಲ. ದೂರದರ್ಶನದ ಕಾಲದ 20 ಅಡಿ ಜಿಐ ಪೈಪು ಇನ್ನೂ ಮಾಡಿನ ಪಕ್ಕದಲ್ಲೇ ನಿಂತಿದೆ. ಟಿವಿ ಆಂಟೆನಾ ಯಾವತ್ತೋ ಮಂಗಗಳ ಪಾಲಾಗಿದೆ, ಅದರ ಕ್ಲಾಂಪು ಮಾತ್ರ ಉಳಿದಿದೆ. ಅದಕ್ಕೇ ನನ್ನ ಯಾಗಿ ಕಟ್ಟಿದೆ. ಆ ಕ್ಲಾಂಪಿಗೆ ಕಡ್ಡಿಗಳು ಅಡ್ಡ ಮಲಗಿದ ಹಾಗೆಯೇ ಕೂರುತ್ತವೆ. ಎಸ್‌ಡಬ್ಲ್ಯುಆರ್ ಮೇಲೂ 1.2. ಪೇಟೆಯ ಗೆಳೆಯನನ್ನು ಕರೆದೆ.

‘ಎಂತ ಮಾರಾಯ, ಯಾಗಿ ಹಾಕಿದೆ ಅಂದೆ, ಹ್ಯಾಂಡಿಗಿಂತ ಕಡೆ ಇದೆಯಲ್ಲ. ಗೊರಗೊರ ಬಿಟ್ಟರೆ ಬೇರೇನೂ ಇಲ್ಲ’ ಅಂದ.

ಇದರಲ್ಲಿ ಆಶ್ಚರ್ಯ ಏನೂ ಇರಲಿಲ್ಲ. ಆಂಟೆನಾದ ಕಡ್ಡಿ ಯಾವ ದಿಕ್ಕಿಗಿದೆಯೋ ರೇಡಿಯೋ ಅಲೆಯ ವಿದ್ಯುತ್ ಕ್ಷೇತ್ರವೂ ಅದೇ ದಿಕ್ಕಿಗೆ ಆಡುತ್ತದೆ. ಪೋಲರೈಸೇಶನ್ ಅನ್ನುವುದು ಇದಕ್ಕೇ. ಅವನ ಕಾರಿನ ಚಾಟಿ ನೆಟ್ಟಗೆ ನಿಂತಿದೆ, ನನ್ನ ಕಡ್ಡಿ ಅಡ್ಡ ಮಲಗಿದೆ. ಅಡ್ಡ ಬರುವ ಅಲೆ ನೆಟ್ಟಗಿನ ಕಡ್ಡಿಯಲ್ಲಿ ಕರೆಂಟು ಹುಟ್ಟಿಸುವುದಿಲ್ಲ. ಪುಸ್ತಕದ ಲೆಕ್ಕಕ್ಕೆ ಅಲ್ಲಿ ಸಿಗ್ನಲ್ ಸೊನ್ನೆ. ನಿಜವಾದ ಜಗತ್ತಿನಲ್ಲಿ ಸೊನ್ನೆ ಆಗುವುದಿಲ್ಲ, ಬಯಲಿನಲ್ಲಿ ಸಾಮಾನ್ಯವಾಗಿ 20 ಡಿಬಿ (ಡೆಸಿಬಲ್) ಆಸುಪಾಸು ಹೋಗುತ್ತದೆ. 20 ಡಿಬಿ ಅಂದರೆ ನೂರರಲ್ಲಿ ಒಂದು ಪಾಲು. ನನ್ನ 5 ವ್ಯಾಟು ಅವನ ಪಾಲಿಗೆ 50 ಮಿಲಿವ್ಯಾಟು. ಹಾಗಂತ ಆಂಟೆನಾ ಸ್ವಲ್ಪ ವಾಲಿದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. 30 ಡಿಗ್ರಿ ವಾಲಿದರೆ ಹೋಗುವುದು ಒಂದೂಕಾಲು ಡಿಬಿ, 45 ಡಿಗ್ರಿಗೆ 3 ಡಿಬಿ, ಅಂದರೆ ಅರ್ಧ. ಕೊನೆಯ ಹತ್ತಿಪ್ಪತ್ತು ಡಿಗ್ರಿಯಲ್ಲೇ ಸಿಗ್ನಲ್ ದಡಾರನೆ ಬೀಳುವುದು.

ಹಾಗಾದರೆ ಮೊದಲೇ ನೆಟ್ಟಗೆ ಯಾಕೆ ಹಾಕಲಿಲ್ಲ ಅಂತ ಕೇಳಬಹುದು. ಸೋಮಾರಿತನ, ಮತ್ತೇನಿಲ್ಲ. ಕ್ಲಾಂಪು ಅಡ್ಡಕ್ಕಿತ್ತು. ಎಫ್‌ಎಂನಲ್ಲಿ, ಸಿಗ್ನಲ್ ಹಿಡಿದು ಮತ್ತೆ ಬಿತ್ತರಿಸುವ ರಿಪೀಟರಿನಲ್ಲಿ ಎಲ್ಲರೂ ನೆಟ್ಟಗೇ ಇರುತ್ತಾರೆ, ಯಾಕೆಂದರೆ ಕಾರಿನ ಮೇಲೆ ಅಡ್ಡ ಕಡ್ಡಿ ಕಟ್ಟಿಕೊಂಡು ಓಡಾಡಲು ಆಗುವುದಿಲ್ಲ. ಎಸ್‌ಎಸ್‌ಬಿ ಅನ್ನುವ ಮಾತಿನ ವಿಧಾನದಲ್ಲಿ, ಸಿಡಬ್ಲ್ಯು ಅಂದರೆ ಮೋರ್ಸ್ ಸಂಕೇತದಲ್ಲಿ ಬಲು ದೂರದ ಕ್ಷೀಣ ಸಿಗ್ನಲ್ ಹಿಡಿಯುವವರು ಅಡ್ಡ ಹಾಕುತ್ತಾರೆ. ನಮ್ಮದು ಎಫ್‌ಎಂ. ಆಂಟೆನಾ ಹೇಗಿರಬೇಕು ಅಂತ ತೀರ್ಮಾನಿಸುವವನು ಆಚೆ ತುದಿಯಲ್ಲಿ ಕೂತಿರುತ್ತಾನೆ.

ಕ್ಲಾಂಪು ಬಗ್ಗಿಸಿ 90 ಡಿಗ್ರಿ ತಿರುಗಿಸಿದೆ. ಎಸ್‌ಡಬ್ಲ್ಯುಆರ್ 2.6! ಪೇಟೆಯ ಗೆಳೆಯನಿಗೆ ಕೇಳಿಸಿದ್ದು ಮೊದಲಿಗಿಂತ ಚೂರು ಮೇಲು, ಅಷ್ಟೇ. ಅವನ ದಿಕ್ಕಿಗೆ ಗುರಿ ಇಟ್ಟಾಗಿನ ಸಿಗ್ನಲ್ಲಿಗಿಂತ ಪಕ್ಕಕ್ಕೆ ಗುರಿ ಇಟ್ಟಾಗ ಜಾಸ್ತಿ ಬರುತ್ತಿತ್ತು. ಯಾಗಿ ಅಂದ ಮೇಲೆ ಹೀಗೆ ಆಗಬಾರದು.

ಇಲ್ಲಿಂದ ಒಂದೂವರೆ ದಿನ ವ್ಯರ್ಥ. ಬೆಸುಗೆ ಬಿಟ್ಟಿದೆ ಅಂತ ಮತ್ತೆ ಹಾಕಿದೆ. ಕನೆಕ್ಟರ್ ಬದಲಿಸಿದೆ. ಹೇರ್‌ಪಿನ್ ಉದ್ದ ಕಡಿಮೆ ಮಾಡಿ, ಜಾಸ್ತಿ ಮಾಡಿ ನೋಡಿದೆ. ಕೆಳಗಿಳಿಸಿ ಅಂಗಳದಲ್ಲಿ ಕೈಯಲ್ಲಿ ಹಿಡಿದರೆ ಅಡ್ಡಕ್ಕೂ 1.2, ನೆಟ್ಟಗೂ 1.2. ಮೇಲೆ ಕಟ್ಟಿದರೆ ಕೆಟ್ಟದ್ದು. ಕೊನೆಗೆ ಸಂಜೆ ಬೇಜಾರಾಗಿ ಆಂಟೆನಾ ಹಿಡಿದು ಕಂಬದ ಹತ್ತಿರ ನಡೆದೆ. ಪರದೆಯ ಮೇಲೆ ತಗ್ಗು ಪಕ್ಕಕ್ಕೆ ಸರಿಯಿತು. ಒಂದು ಹೆಜ್ಜೆ ಹಿಂದೆ ಇಟ್ಟೆ, ವಾಪಸು ಬಂತು. ಆಗ ಹೊಳೆಯಿತು.

ಜಿಐ ಪೈಪೂ ಒಂದು ನೆಟ್ಟಗಿನ ಕಡ್ಡಿ ತಾನೆ! ಕಡ್ಡಿಗಳನ್ನು ಅಡ್ಡ ಹಾಕಿದಾಗ ಕಂಬ ಅವಕ್ಕೆ 90 ಡಿಗ್ರಿಯಲ್ಲಿತ್ತು, ಅಲೆಗಳಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ನೆಟ್ಟಗೆ ಮಾಡಿದ ಕೂಡಲೇ ಕಂಬ ಕಡ್ಡಿಗಳಿಗೆ ಸಮಾನಾಂತರವಾಯಿತು. ಅದೂ ನಾನು ಕಟ್ಟಿದ್ದು ಡ್ರಿವನ್‌ಗೂ ಡೈರೆಕ್ಟರಿಗೂ ನಡುವೆ. ಮೂರು ಕಡ್ಡಿಯ ಯಾಗಿ ಹೀಗೆ ನಾಲ್ಕು ಕಡ್ಡಿಯದಾಗಿತ್ತು, ಆ ನಾಲ್ಕನೆಯದು 20 ಅಡಿ ಉದ್ದ. ದೂರದರ್ಶನದ ಆಂಟೆನಾಗಳು ಇದೇ ಪೈಪಿನ ಮೇಲೆ ವರ್ಷಗಟ್ಟಲೆ ಸುಖವಾಗಿದ್ದವು, ಯಾಕೆಂದರೆ ಅವುಗಳ ಕಡ್ಡಿಗಳು ಅಡ್ಡ. ಇಡೀ ಊರಿನ ಮಾಡುಗಳ ಮೇಲೆ ಚಿಕ್ಕಂದಿನಿಂದ ನೋಡಿದ್ದರೂ ಇದು ತಲೆಗೆ ಹೋಗಿರಲಿಲ್ಲ.

ಲೋಹವಲ್ಲದ ಕಂಬ ಬೇಕು. ಕೊಟ್ಟಿಗೆಯ ಗೋಡೆಗೆ ಚಿಕ್ಕಪ್ಪನ ಹೊಸ ಫೈಬರ್ ದೋಟಿ ಒರಗಿತ್ತು. ಹೊರಗಿನವರಿಗೆ ಹೇಳುವುದಾದರೆ ದೋಟಿ ಅಂದರೆ ನೆಲದ ಮೇಲೆ ನಿಂತೇ ಅಡಿಕೆ ಕೊನೆ (ಗೊನೆ) ಕೊಯ್ಯುವ, ಔಷಧಿ ಹೊಡೆಯುವ ಉದ್ದನೆ ಕೋಲು. ಮರ ಹತ್ತುವವರು ಸಿಗುವುದು ಕಷ್ಟವಾದ ಮೇಲೆ ಒಂದರೊಳಗೊಂದು ಸೇರುವ, ಬೇಕಾದಷ್ಟು ಎತ್ತರಕ್ಕೆ ಎಳೆಯುವ ಈ ಕಪ್ಪು ದೋಟಿಗಳು ಮಲೆನಾಡಿನ ತುಂಬ ಬಂದಿವೆ. ಹಗುರ, ಗಟ್ಟಿ, ತುಕ್ಕು ಹಿಡಿಯುವುದಿಲ್ಲ. ಕೊಯ್ಲಿಗೆ ಇನ್ನೂ ಕೆಲವು ವಾರ ಇತ್ತು. ಕೇಳಿದೆ.

‘ತಗೊಂಡು ಹೋಗು. ಮುರಿದ್ರೆ ಮಾತ್ರ ಈ ವರ್ಷ ಕೊನೆ ಕೊಯ್ಯೋದು ನೀನೇ, ಮರ ಹತ್ತಿ’ ಅಂದರು ಚಿಕ್ಕಪ್ಪ.

ಫೈಬರ್ ಅಂದರೆ ಪ್ಲಾಸ್ಟಿಕ್ಕಿನ ಜಾತಿ ಅಂತ ನನ್ನ ಧೈರ್ಯ. ಹುಷಾರಾಗಿ ಕಟ್ಟಿ ನಿಲ್ಲಿಸಿದೆ. ಎಸ್‌ಡಬ್ಲ್ಯುಆರ್ 2.3. ಜಿಐ ಪೈಪಿಗೂ ಇದಕ್ಕೂ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ! ಮಲ್ಟಿಮೀಟರ್ ತಂದು ದೋಟಿಯ ಮೈಗೆ ಎರಡು ಕಡೆ ಒತ್ತಿದೆ. ಏನೂ ತೋರಿಸಲಿಲ್ಲ, ಅಂದರೆ ಕರೆಂಟು ಹರಿಯುತ್ತಿಲ್ಲ. ಹಾಗಾದರೆ ನನ್ನ ಕಂಬದ ಸಿದ್ಧಾಂತವೇ ತಪ್ಪೇನೋ ಅನ್ನಿಸಿ ಅವತ್ತು ರಾತ್ರಿ ನಿದ್ದೆ ಸರಿ ಬರಲಿಲ್ಲ.

ಬೆಳಿಗ್ಗೆ ಕಾಫಿ ಕುಡಿಯುತ್ತಾ ಚಿಕ್ಕಪ್ಪ ಸುಮ್ನೆ ಹೇಳಿದರು, ‘ಹೋದ ವರ್ಷ ಒಂದು ತುಂಡು ಮುರಿದಿತ್ತು, ಅಟ್ಟದಲ್ಲಿದೆ. ನಿನ್ನ ಆಟಕ್ಕೆ ಅದು ಸಾಕಾಗ್ತಿತ್ತಲ್ಲ.’ ಓಡಿ ಹೋಗಿ ಅಟ್ಟದಿಂದ ತಂದೆ. ಮುರಿದ ತುದಿಯಲ್ಲಿ ಕರಿ ಎಳೆಗಳು ಹೊರಗೆ ಬಂದಿದ್ದವು. ಎರಡೂ ತುದಿಯ ಎಳೆಗಳಿಗೆ ಮಲ್ಟಿಮೀಟರ್ ಹಚ್ಚಿದರೆ ಬರೀ ಕೆಲವು ಹತ್ತು ಓಮ್. ಫೈಬರ್ ಹೌದು, ಆದರೆ ಕಾರ್ಬನ್ ಫೈಬರ್. ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ. ಮೇಲಿನ ಅಂಟಿನ ಪದರ ನನ್ನ ಮಲ್ಟಿಮೀಟರಿಗೆ ಸುಳ್ಳು ಹೇಳಿತ್ತು. 145 ಮೆಗಾಹರ್ಟ್ಸಿನ ಅಲೆಗೆ ಆ ತೆಳು ಪದರ ಯಾವ ಲೆಕ್ಕ?

ಆಂಟೆನಾ ಪಕ್ಕಕ್ಕಿಡಿ, ಇದು ಮನೆಯಲ್ಲಿ ಎಲ್ಲರಿಗೂ ಹೇಳಬೇಕಾದ ಮಾತು. ಆ ದೋಟಿ ಕರೆಂಟಿನ ತಂತಿಗೆ ತಗುಲಿದರೆ ಕಬ್ಬಿಣದ ಸರಳು ತಗುಲಿದ ಹಾಗೆಯೇ. ತೋಟದ ಮೇಲೆ ಲೈನು ಹಾದುಹೋಗಿದ್ದರೆ ಅದರ ಹತ್ತಿರದ ಮರಗಳಿಗೆ ಇದನ್ನು ಎತ್ತಲೇಬಾರದು. ಅದೇ ಅಂಗಳದಲ್ಲಿ ಚಿಕ್ಕಪ್ಪನಿಗೂ ಆಳುಗಳಿಗೂ ಮಲ್ಟಿಮೀಟರ್ ಹಚ್ಚಿ ತೋರಿಸಿದೆ. ಚಿಕ್ಕಪ್ಪ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಅಟ್ಟದಲ್ಲಿ ಆ ತುಂಡಿನ ಪಕ್ಕದಲ್ಲೇ ಅಜ್ಜನ ಕಾಲದ ಬಿದಿರಿನ ದೋಟಿ ಮಲಗಿತ್ತು. ಹೊಗೆ ಕುಡಿದು ಕುಡಿದು ಒಣಗಿ ಕೆಂಪಾಗಿತ್ತು. ಹಸಿ ಬಿದಿರಾದರೆ ಒಳಗೆ ನೀರಿರುತ್ತದೆ, ಇದು ಅಂಥದ್ದಲ್ಲ. ಮೂರು ಮೀಟರಿನ ಒಂದು ತುಂಡನ್ನು ಜಿಐ ಪೈಪಿನ ತಲೆಗೆ ಕಟ್ಟಿ, ಎರಡು ಮೀಟರ್ ಮೇಲೆ ಚಾಚಿಕೊಳ್ಳುವ ಹಾಗೆ ಮಾಡಿದೆ. ಯಾಗಿ ಅದರ ತುದಿಗೆ. ನೆಟ್ಟಗೆ ನಿಂತಾಗ ಉದ್ದದ ಕಡ್ಡಿಯೂ ಅರ್ಧ ಮೀಟರ್ ಕೆಳಗಿಳಿಯುತ್ತದೆ ಅಷ್ಟೆ, ಅಲ್ಲಿಂದ ಲೋಹ ಒಂದೂವರೆ ಮೀಟರ್ ದೂರ. ಎಸ್‌ಡಬ್ಲ್ಯುಆರ್ 1.5.

ಇನ್ನೂ 1.2 ಆಗಲಿಲ್ಲವಲ್ಲ? ಉಳಿದದ್ದು ಕೇಬಲ್ಲಿನ ತಂಟೆ. ಈ ಕೇಬಲ್ಲಿನ (ಕೋಆಕ್ಸ್) ಹೊರ ಹೆಣಿಗೆಯೂ ತಾಮ್ರವೇ, ಅದೂ ಕಡ್ಡಿಗಳ ಪಕ್ಕದಲ್ಲೇ ನೆಟ್ಟಗೆ ಇಳಿಯುತ್ತಿತ್ತು. ಅದನ್ನು ಬೂಮಿನ, ಅಂದರೆ ಕಡ್ಡಿಗಳನ್ನು ಹೊತ್ತ ಪಿವಿಸಿ ಪೈಪಿನ, ಗುಂಟ ಹಿಂದಕ್ಕೆ ಒಯ್ದು, ರಿಫ್ಲೆಕ್ಟರ್ ದಾಟಿಸಿ, ಅಲ್ಲಿಂದ ಕೆಳಗೆ ಬಿಟ್ಟೆ. ಕಡ್ಡಿಯ ಬುಡದಲ್ಲಿ ಕೇಬಲ್ಲಿನ ಹೊರಮೈಯ ಕರೆಂಟು ತಡೆಯಲು ಎರಡು ಫೆರೈಟ್ ಕ್ಲಿಪ್ ಹಾಕಿದೆ. 1.25. ಸಾಕು. ಬಿದಿರು ಸಿಗದವರು ಇನ್ನೊಂದು ದಾರಿ ಹಿಡಿಯಬಹುದು: ಬೂಮನ್ನು ರಿಫ್ಲೆಕ್ಟರಿನ ಹಿಂದೆ ಅರ್ಧ ಮೀಟರ್ ಉದ್ದ ಮಾಡಿ, ಬಾಲದ ತುದಿಯಿಂದ ಕಬ್ಬಿಣದ ಕಂಬಕ್ಕೆ ಕಟ್ಟುವುದು. ಯಾಗಿಯ ಹಿಂದೆ ಅಲೆ ಕಡಿಮೆ, ಆದ್ದರಿಂದ ಅಲ್ಲಿ ಕಂಬ ಇದ್ದರೂ ಹೆಚ್ಚು ಕಾಡುವುದಿಲ್ಲ. ಟೇಪಿನ ಯಾಗಿ ಹಗುರ, ಬಾಲದಿಂದ ಹಿಡಿದರೂ ಜೋಲುವುದಿಲ್ಲ.

ಪೇಟೆಯ ಗೆಳೆಯ ಈಗ ಐದು-ಒಂಬತ್ತು ಕೊಟ್ಟ, ಅಂದರೆ ಮಾತು ಸ್ಪಷ್ಟ, ಸಿಗ್ನಲ್ ಗಟ್ಟಿ. ತೋಟದಾಚೆಯವನ ಕತೆ ಬೇರೆ.

ಅವನದ್ದು ನೆಟ್ಟಗಿನ ಗ್ರೌಂಡ್ ಪ್ಲೇನ್ ಆಂಟೆನಾ, ನನ್ನದೂ ಈಗ ನೆಟ್ಟಗೆ. ಲೆಕ್ಕದಂತೆ 700 ಮೀಟರಿಗೆ ಸಿಗ್ನಲ್ ಕಿವಿ ಹರಿಯಬೇಕು. ಬಂತು, ಆದರೆ ಅಂದುಕೊಂಡಷ್ಟಲ್ಲ. ಅವನ ಮನೆ ತಗ್ಗಿನಲ್ಲಿದೆ, ನಡುವೆ ಅಲೆ ತೋಟದೊಳಗೇ ನುಸುಳಬೇಕು. ಇಲ್ಲಿ ಒಂದು ಪ್ರಯೋಗ ಮಾಡೋಣ ಅಂತ ಅವನಿಗೂ ಅಂಥದ್ದೇ ಟೇಪಿನ ಯಾಗಿ ಮಾಡಿಕೊಟ್ಟೆ. ನನ್ನ ಕಡೆ ಲ್ಯಾಪ್‌ಟಾಪಿಗೆ ಆರ್‌ಟಿಎಲ್-ಎಸ್‌ಡಿಆರ್ ಅನ್ನುವ ಪುಟ್ಟ ರಿಸೀವರ್ ಡಾಂಗಲ್ ಸಿಕ್ಕಿಸಿ, ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಬದಲಿಸದೆ, ಬರುವ ಸಿಗ್ನಲ್ಲಿನ ಎತ್ತರ ನೋಡುತ್ತಾ ಹೋದೆ. ಇಂಥ ಅಳತೆಯಲ್ಲಿ ಒಂದೆರಡು ಡಿಬಿ ಆಚೀಚೆ ಇದ್ದೇ ಇರುತ್ತದೆ.

ಮೊದಲು ಇಬ್ಬರೂ ಗುಡ್ಡದ ಬಯಲಿಗೆ ಹೋದೆವು. ಎದುರಾಬದುರು ಕಾಣುವ ಜಾಗ. ಎರಡೂ ಅಡ್ಡ, ಎರಡೂ ನೆಟ್ಟಗೆ: ವ್ಯತ್ಯಾಸವೇ ಇಲ್ಲ. ಒಂದು ಅಡ್ಡ ಒಂದು ನೆಟ್ಟಗೆ ಆದರೆ 18 ಡಿಬಿ ಇಳಿಯಿತು. ಆಮೇಲೆ ಮನೆಗಳಿಂದ, ತೋಟದ ಮೂಲಕ. ಇಬ್ಬರೂ ನೆಟ್ಟಗೆ ಇದ್ದಾಗಿಗಿಂತ ಇಬ್ಬರೂ ಅಡ್ಡ ಇದ್ದಾಗ ಸುಮಾರು 5 ಡಿಬಿ ಜಾಸ್ತಿ! ಇನ್ನೂ ತಮಾಷೆ ಅಂದರೆ ಒಬ್ಬ ಅಡ್ಡ ಒಬ್ಬ ನೆಟ್ಟಗೆ ಇದ್ದಾಗಿನ ನಷ್ಟ ಇಲ್ಲಿ 9 ಡಿಬಿಗೆ ಇಳಿದಿತ್ತು.

ಕಾರಣ ಕಣ್ಣೆದುರೇ ಸಾಲಾಗಿ ನಿಂತಿದೆ. ಅಡಿಕೆ ಮರ ಅಂದರೆ ನೀರು ತುಂಬಿದ ನೆಟ್ಟಗಿನ ಕಂಬ, ಕೊಂಬೆ ರೆಂಬೆ ಇಲ್ಲ. ನೆಟ್ಟಗಿನ ಅಲೆ ಪ್ರತಿ ಮರದಲ್ಲೂ ಚೂರು ಕರೆಂಟು ಹುಟ್ಟಿಸಿ ಅಲ್ಲೇ ಬಿಸಿಯಾಗಿ ಕರಗುತ್ತದೆ. ಅಡ್ಡ ಅಲೆಗೆ ಆ ಕಾಟ ಕಡಿಮೆ. ಈ ಬ್ಯಾಂಡಿನಲ್ಲಿ ಕಾಡಿನೊಳಗೆ ಅಡ್ಡ ಅಲೆಯೇ ಮೇಲು ಅನ್ನುವುದು ಮೊದಲಿನಿಂದ ಗೊತ್ತಿರುವ ವಿಷಯ, ಮರಗಳ ಕಾಂಡವೇ ಅದಕ್ಕೆ ಮುಖ್ಯ ಕಾರಣ. ಅಡಿಕೆ ತೋಟದಲ್ಲಂತೂ ಕಾಂಡ ಬಿಟ್ಟರೆ ಬೇರೇನಿದೆ? ಇನ್ನು ಮರಗಳಿಗೆ ಬಡಿದು ಚದುರಿದ ಅಲೆ ತನ್ನ ದಿಕ್ಕನ್ನೂ ಅಷ್ಟಿಷ್ಟು ಬದಲಿಸಿಕೊಳ್ಳುತ್ತದೆ. ಹಾಗಾಗಿಯೇ ಹೊಂದದ ಆಂಟೆನಾಗಳ ನಡುವೆಯೂ ಸ್ವಲ್ಪ ದಾಟಿಬಿಡುತ್ತದೆ.

ಇದನ್ನು ಬರೆದುಕೊಳ್ಳುವಾಗ ಜಗದೀಶಚಂದ್ರ ಬೋಸರು ನೆನಪಾದರು. 1890ರ ದಶಕದಲ್ಲಿ ಕಲ್ಕತ್ತೆಯಲ್ಲಿ ಅವರು ಮಿಲಿಮೀಟರ್ ಲೆಕ್ಕದ ಅಲೆಗಳ ಮೇಲೆ ಇದೇ ಆಟ ಆಡಿದ್ದರು. ರೈಲ್ವೆ ವೇಳಾಪಟ್ಟಿ ಪುಸ್ತಕದ ಹಾಳೆಗಳ ನಡುವೆ ತವರದ ಹಾಳೆ ಸೇರಿಸಿ, ಒಂದೇ ದಿಕ್ಕಿಗೆ ಆಡುವ ಅಲೆಯನ್ನು ಮಾತ್ರ ಬಿಡುವ ಪೋಲರೈಸರ್ ಮಾಡಿಕೊಂಡಿದ್ದರು. ತಿರುಚಿದ ಸೆಣಬಿನ ಕಟ್ಟು ಅಲೆಯ ದಿಕ್ಕನ್ನು ತಿರುಗಿಸುತ್ತದೆ ಅಂತಲೂ ತೋರಿಸಿದ್ದರು. ಅವರಿಗೆ ಸೆಣಬು ಸಿಕ್ಕಿತು, ನಮಗೆ ಎರಡು ಮೀಟರಿನ ಅಲೆಗೆ ಇಡೀ ತೋಟವೇ ಬೇಕಾಯಿತು.

ಒಂದು ರಾತ್ರಿ ಕೆಳಗಿಳಿಸಿದ್ದ ಯಾಗಿ ಕೈಯಲ್ಲಿ ಹಿಡಿದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೂ ಕಿವಿ ಕೊಟ್ಟೆ. ಅದರ ಪ್ಯಾಕೆಟ್ (ಡಿಜಿಟಲ್ ಸಂದೇಶದ) ಸಿಗ್ನಲ್ 145.825 ಮೆಗಾಹರ್ಟ್ಸಿನಲ್ಲಿ ಬರುತ್ತದೆ, ಎತ್ತರ ಸುಮಾರು 400 ಕಿಲೋಮೀಟರ್. ಇಲ್ಲಿ ಅಡ್ಡವೋ ನೆಟ್ಟಗೋ ಅಂತ ಕೇಳುವುದರಲ್ಲಿ ಅರ್ಥವೇ ಇಲ್ಲ. ನಿಲ್ದಾಣ ಸಾಗುತ್ತಾ ಅದರ ಆಂಟೆನಾ ನಮಗೆ ಕಾಣುವ ಕೋನ ಬದಲಾಗುತ್ತದೆ, ಮೇಲಿನ ಅಯಾನುಗೋಳವೂ ಅಲೆಯನ್ನು ತಿರುಚುತ್ತದೆ. ಸಿಗ್ನಲ್ ಮುಳುಗಿದಾಗ ಮಣಿಕಟ್ಟು ತಿರುಗಿಸಿದರೆ ಮತ್ತೆ ಏಳುತ್ತದೆ. ಹತ್ತು ನಿಮಿಷ ಕೀಲಿ ತಿರುಗಿಸಿದ ಹಾಗೆ ಕೈ ಆಡಿಸುತ್ತಿದ್ದೆ. ಪಕ್ಕದ ಮನೆಯವರು ಬೇಲಿಯ ಆಚೆಯಿಂದ ನೋಡಿ ಏನೂ ಕೇಳದೆ ಒಳಗೆ ಹೋದರು.

ಇದಕ್ಕೇ ಉಪಗ್ರಹದವರು ಎರಡು ಯಾಗಿಗಳನ್ನು ಒಂದೇ ಬೂಮಿನಲ್ಲಿ ಗುಣಾಕಾರ ಚಿಹ್ನೆಯ ಹಾಗೆ ಕೂರಿಸಿ, ಒಂದಕ್ಕೆ ಕಾಲು ಅಲೆಯಷ್ಟು ತಡವಾಗಿ ಸಿಗ್ನಲ್ ಕೊಟ್ಟು, ಸುರುಳಿ ಸುತ್ತುವ ಸರ್ಕ್ಯುಲರ್ ಪೋಲರೈಸೇಶನ್ ಮಾಡಿಕೊಳ್ಳುತ್ತಾರೆ. ಅಡ್ಡ ಬರಲಿ ನೆಟ್ಟಗೆ ಬರಲಿ, 3 ಡಿಬಿ ಮಾತ್ರ ಹೋಗುತ್ತದೆ, ಪೂರ್ತಿ ಮುಳುಗುವುದಿಲ್ಲ. 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6ರಲ್ಲಿ ಇಸ್ರೋ ಕಳಿಸಿದ, ಹ್ಯಾಮ್‌ಗಳಿಗೆಂದೇ ಇದ್ದ ಉಪಗ್ರಹ ಹ್ಯಾಮ್‌ಸ್ಯಾಟ್ 2014ರವರೆಗೆ ಬದುಕಿತ್ತು. ಆಗ ನನಗೆ ಲೈಸೆನ್ಸ್ ಇರಲಿಲ್ಲ ಅನ್ನುವ ಹೊಟ್ಟೆಯುರಿ ಇನ್ನೂ ಇದೆ. ಎರಡು ಯಾಗಿಯ ಆ ಕೆಲಸ ಮುಂದಿನ ರಜೆಗೆ. ಇನ್ನೊಂದು 3 ಮೀಟರ್ ಟೇಪು ತಂದಿಟ್ಟಿದ್ದೇನೆ.

ಸದ್ಯಕ್ಕೆ ಮಾಡಿನ ಮೇಲೆ ಇರುವುದು ಹೀಗೆ. ಬೂಮನ್ನು ಅಂಟು ಹಾಕದ, ಟಿ ಅಕ್ಷರದ ಆಕಾರದ ಪಿವಿಸಿ ಜೋಡಣೆಯ ಒಳಗೆ ತೂರಿಸಿದ್ದೇನೆ, ಅದು ಗಿರಕಿ ಹೊಡೆಯುತ್ತದೆ. ಬಾಲದ ಕಡೆ ಅಡ್ಡ ಕೋಲು, ಅದಕ್ಕೆ ಎರಡು ನೈಲಾನ್ ಹಗ್ಗ. ಒಂದು ಹಗ್ಗ ಎಳೆದರೆ ಕಡ್ಡಿಗಳು ನೆಟ್ಟಗೆ, ಪೇಟೆಯವನ ಜೊತೆ ಮಾತು. ಇನ್ನೊಂದು ಎಳೆದರೆ ಅಡ್ಡ, ತೋಟದಾಚೆಯವನ ಜೊತೆ ಮಾತು. ಗುಡುಗು ಶುರುವಾದರೆ ಕೇಬಲ್ ಬಿಚ್ಚಿ ಕಿಟಕಿಯ ಹೊರಗೆ ಬಿಡಬೇಕು ಅಂತ ಚಿಕ್ಕಮ್ಮನಿಗೆ ಹೇಳಿ ಬಂದಿದ್ದೇನೆ. ಹೋದ ವಾರ ಅವರೇ ಫೋನ್ ಮಾಡಿದ್ದರು. ಕೇಬಲ್ ಬಿಚ್ಚಿದ್ದಾಯಿತಂತೆ, ಆದರೆ ಹಗ್ಗದ ಮೇಲೆ ಚಿಕ್ಕಪ್ಪ ಟವೆಲ್ ಒಣಗಿಸಿದ್ದಾರಂತೆ, ಯಾಗಿ ಈಗ 45 ಡಿಗ್ರಿಯಲ್ಲಿ ನಿಂತಿದೆಯಂತೆ. 3 ಡಿಬಿ ಹೋಯಿತು, ಇಬ್ಬರೂ ಕೇಳಿಸುತ್ತಾರೆ, ಹಾಗೇ ಇರಲಿ ಅಂದೆ.